ಮುಂದಿನ ಬಲಗಡೆಯ ಹೆಗಲು

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೈಲರ್, ಮಲಯಾಳಿಗಳ ಸಂಘದ ಕಾರ್ಯದರ್ಶಿಯಾಗಿದ್ದರು. ಬೇಕರಿ, ಟೀ ಅಂಗಡಿ ಇಡಲು ಕೇರಳದಿಂದ ಇಲ್ಲಿಗೆ ಬಂದ ಈ ಮಲಯಾಳಿಗಳ ಅಜ್ಜಂದಿರಲ್ಲಿ ಒಬ್ಬ ಸತ್ತಾಗ ಹೆಣ ಹೊರುವವರೇ ಸಿಗಲಿಲ್ಲವಂತೆ. ಆ ಸಂಕಟದಲ್ಲೇ ಸಂಘ ಹುಟ್ಟಿತು. ಸದಸ್ಯರು ಯಾರೇ ಸತ್ತರೂ ಚಟ್ಟದ ಮುಂದಿನ ಬಲಗಡೆಗೆ ಅಧ್ಯಕ್ಷರೇ ಹೆಗಲು ಕೊಡಬೇಕೆಂಬುದು ಅದರ ನಿಯಮ. ಸಂಘದಲ್ಲಿ ಎಂಥ ಜಗಳ ಎದ್ದರೂ ಟೈಲರ್ ತಮ್ಮ ಟವೆಲ್ ಕೊಡವಿ, "ಮೊದ್ಲು ಹೆಗ್ಲು, ಆಮೇಲೆ ಮಾತು" ಎನ್ನುತ್ತಿದ್ದರು.

ಒಮ್ಮೆ ಗುಬ್ಬಿಯಲ್ಲಿ ಬೇಕರಿ ಇಟ್ಟಿದ್ದ ಸದಸ್ಯರೊಬ್ಬರು ತೀರಿಕೊಂಡರು. ಸಂಘದ ಚುನಾವಣೆಯಲ್ಲಿ ತಮ್ಮ ಎದುರು ನಿಂತಿದ್ದರೆಂದು ಅಧ್ಯಕ್ಷರು ಅವರ ಜೊತೆ ಮಾತು ಬಿಟ್ಟಿದ್ದರು. ಅಂದು ಬಂದರು, ಆದರೆ ರಸ್ತೆಯ ಆಚೆಯೇ ನಿಂತರು. ಚಟ್ಟದ ಮೂರು ಮೂಲೆಗೆ ಮೂವರು ನಿಂತು ಕಾದರು. ಬಿಸಿಲೇರಿತು. ಒಳಗೆ ಹೆಂಗಸರ ಅಳುವೂ ನಿಂತುಹೋಯಿತು. ತಡೆಯಲಾರದೆ ನಾನೇ ಮುಂದೆ ಹೋದೆ.

ಟೈಲರ್ ನನ್ನ ಎದೆಗೆ ಕೈ ಅಡ್ಡ ಹಿಡಿದರು. "ನೀವಲ್ಲ ಸಾರ್. ಅವ್ರು ಬರೋವರ್ಗೂ ಎತ್ತಲ್ಲ."

"ನಾನ್ ಬರಲ್ಲ ಕಣ್ರೀ! ಎಲ್ರೆದುರು ನನ್ ಮರ್ಯಾದೆ ತೆಗೆದವ್ನು ಅವ್ನು," ಅಧ್ಯಕ್ಷರು ಆಚೆಯಿಂದಲೇ ಕೂಗಿದರು.

ಟೈಲರ್ ರಸ್ತೆ ದಾಟಿದರು. ಟವೆಲ್ ಮಡಚಿ ಅಧ್ಯಕ್ಷರ ಹೆಗಲ ಮೇಲಿಟ್ಟರು.

"ಇನ್ಮೇಲೆ ಜಗಳ ಆಡೋಕೆ ನಿಮ್ಗೆ ಯಾರಿದಾರೆ, ಹೇಳಿ?"

ಅಧ್ಯಕ್ಷರು ಅಲ್ಲೇ ಚಪ್ಪಲಿ ಬಿಟ್ಟು, ಕಾದ ಟಾರಿನ ಮೇಲೆ ಬರಿಗಾಲಲ್ಲಿ ನಡೆದು ಬಂದರು.