ದೀಪಾವಳಿ ಫೋಟೋದಲ್ಲಿದ್ದ ಆಕಳು

“ಫೋಟೋದಾಗ ಸತ್ತಿದ್ದು ಕಾಣಬೇಕ್ರಿ…” ಹೀಗೇನೋ ಅಂದ, ಗೆಳೆಯರೇ, ಇಂದು ರಾಣೆಬೆನ್ನೂರಿನ ಕಚೇರಿಯೊಂದರ ಗುಮಾಸ್ತ. ಪಹಣಿಗೆ ಕಾಯುತ್ತ ನಾನು ಪಕ್ಕದಲ್ಲಿದ್ದೆ. ಐರಣಿಯ ಹೆಂಗಸೊಬ್ಬರ ಆಕಳು ನೆರೆಯಲ್ಲಿ ಸತ್ತಿದೆ. ಪರಿಹಾರ ಬಂದರಷ್ಟೇ ಇನ್ನೊಂದು ಕೊಳ್ಳಬಲ್ಲರು. ಫೋನಿನಲ್ಲಿ ಅವರು ತೋರಿಸಿದ್ದು ದೀಪಾವಳಿಯ ಫೋಟೋ: ಕೋಡಿಗೆ ಬಣ್ಣ, ಕೊರಳಿಗೆ ಚೆಂಡುಹೂವಿನ ಹಾರ.

“ಯವ್ವಾ, ಇದು ಜೀವಂತ ಐತಲ್ಲ!”

“ಸತ್ತ ಮ್ಯಾಲ ಯಾರ ಫೋಟೋ ತೆಗಿತಾರ್ರಿ? ಅರಿಷಿಣ ಕುಂಕುಮ ಹಚ್ಚಿ ಅವತ್ತ ಹೊಲದಾಗ ಮಣ್ಣ ಕೊಟ್ಟೇವಿ.”

“ಡಾಕ್ಟರ್ ಬಂದು ನೋಡೂತನಕ ಇಡಬೇಕಿತ್ತು.”

“ಮನಿಮಗಳನ್ನ ನೊಣಕ್ಕ ಬಿಟ್ಟು ಕುಂದರೂದೇನ್ರಿ?”

ಅರ್ಜಿ ಹಿಂದಿರುಗಿಸುವ ಮುನ್ನ ಗುಮಾಸ್ತ ಮತ್ತೊಮ್ಮೆ ಫೋಟೋ ನೋಡಿದ. “ಛಲೋ ಇತ್ತು ಬಿಡ್ರಿ ಆಕಳ” ಎಂದ. ಅವರು ಆ ಒಂದು ಮಾತಿಗೆ ಮಾತ್ರ ತಲೆಯಾಡಿಸಿದರು.

ಈ ನಿಯಮ ಬರೆದ ಮಹನೀಯರೇ, ನಿಮ್ಮ ಮನೆಯಲ್ಲಿ ಸಾವಾದಾಗ ಫೋಟೋ ತೆಗೆಯಲೆಂದು ಮೊದಲು ಫೋನ್ ಹುಡುಕಿದವರು ಯಾರು?