ಎರಡೂ ಎಡ

ಎಡವಟ್ಟು ಎಂಬ ಮಾತು ಎಲ್ಲಿ ಹುಟ್ಟಿತೋ ಪಂಡಿತರು ಹೇಳಲಿ. ನಮ್ಮ ಬೀದಿಯ ಹೊಲಿಗೆ ಅಂಗಡಿಯವರನ್ನು ಕೇಳಿದರೆ, ಬಟ್ಟೆ ಕತ್ತರಿಸುವ ತಮ್ಮ ಮಾಸ್ಟರಮ್ಮ ಒಂದು ಮಧ್ಯಾಹ್ನ ಕತ್ತರಿಸಿದ ಅಂಗಿತೋಳುಗಳಿಂದಲೇ ಹುಟ್ಟಿದ್ದು ಎಂದು ಆಣೆ ಮಾಡಿ ಹೇಳುತ್ತಾರೆ. ಮೇಜಿನ ಮೇಲೆ ಒಂದು ರಾಶಿ ತೋಳು, ಅಷ್ಟೂ ಎಡಗೈಯವು. ಬಲಗೈಗೆ ಅಂತ ಹುಡುಕಿದರೆ ಔಷಧಕ್ಕೂ ಒಂದಿಲ್ಲ.

ಬಟ್ಟೆಗೆ ಸೀದಾ, ಉಲ್ಟಾ ಅಂತ ಎರಡು ಮೈ. ಎರಡು ಪದರಗಳ ಸೀದಾ ಮೈಗಳನ್ನು ಎದುರುಬದುರಾಗಿ ಹಾಸಿ ಕತ್ತರಿಸಿದರೆ ಒಂದು ಎಡತೋಳು, ಒಂದು ಬಲತೋಳು ಸಿಗುತ್ತವೆ. ಎಲ್ಲ ಪದರಗಳೂ ಮೇಲಕ್ಕೆ ನೋಡುತ್ತಾ ಮಲಗಿದರೆ ಎಲ್ಲವೂ ಒಂದೇ ಕೈಯವಾಗುತ್ತವೆ. ಇದನ್ನು ಅಲ್ಲಿದ್ದವರಿಗೆಲ್ಲ ಕಲಿಸಿದವಳೇ ಮಾಸ್ಟರಮ್ಮ. ಆ ದಿನ ಅವಳೇ ಮರೆತಿದ್ದಳು.

ಮೊದಲಾಗಿದ್ದರೆ ಹೀಗಾಗುತ್ತಿರಲಿಲ್ಲ. ಒಂದು ಹಾಳು ಜ್ವರ ಬಂದು ಅವಳನ್ನು ಹಾಸಿಗೆಗೆ ಹಾಕಿತ್ತು. ಜ್ವರವೇನೋ ಬಿಟ್ಟುಹೋಯಿತು, ಹೋಗುವಾಗ ತಲೆಯೊಳಗೆ ಒಂದು ಮಬ್ಬನ್ನು ಬಿಟ್ಟುಹೋಯಿತು. ಕೈಯಲ್ಲಿ ಟೇಪು ಹಿಡಿದುಕೊಂಡೇ "ಅದು ಎಲ್ಲೇ, ಅಳೆಯೋದು, ಉದ್ದಕ್ಕಿರೋದು?" ಎಂದು ಅಂಗಡಿಯೆಲ್ಲ ಹುಡುಕುತ್ತಿದ್ದಳು. "ಇದು ಸೋಮಾರಿತನ ಅಲ್ಲ ತಾಯಿ, ಕೆಲವರಿಗೆ ಹೀಗೇ ಉಳ್ಕೊಳ್ಳುತ್ತೆ, ಎಷ್ಟು ದಿನ ಅಂತ ಹೇಳೋಕಾಗಲ್ಲ" ಎಂದು ಡಾಕ್ಟರು ಕೈ ತೊಳೆದುಕೊಂಡರು.

ಯಜಮಾನನ ಬಾಯಿ ಜೋರು, ಮನಸ್ಸು ಬೆಣ್ಣೆ. ಆ ತೋಳುಗಳ ರಾಶಿ ನೋಡಿ ಬೈಯಲೂ ಆಗದೆ, ಸುಮ್ಮನಿರಲೂ ಆಗದೆ ಒದ್ದಾಡಿದ. ಕೊನೆಗೆ, "ಮಾಸ್ಟರಮ್ಮಾ, ಇನ್ಮೇಲೆ ಗುಂಡಿ ಹಾಕೋ ಕಡೆ ಕೂತ್ಕೊಳಿ. ತಲೆಗೆ ಶ್ರಮ ಇರಲ್ಲ, ಆರಾಮಾಗಿರ್ತೀರಿ" ಎಂದ.

ಗುಂಡಿ ಹೊಲಿಯುವುದೇನೂ ಕೀಳು ಕೆಲಸವಲ್ಲ, ಆದರೆ ಅದು ಅವಳದಲ್ಲ. ಮದುವೆಗೆ ಮುಂಚಿನಿಂದ ಬಟ್ಟೆ ಕತ್ತರಿಸುವ ಆ ಮೇಜು ಅವಳದು. ಗಂಡ ಮುನಿಸಿಕೊಂಡ ದಿನವೂ ಮಕ್ಕಳು ಕಾಡಿಸಿದ ದಿನವೂ ಅವಳು ಬಂದು ನಿಂತಿದ್ದು ಅಲ್ಲಿಯೇ.

"ಬ್ಯಾಂಡಿನವರ ಕೋಟಿನ ಆರ್ಡರ್ ಬಂದಿದೆಯಲ್ಲ, ಅದನ್ನ ನಾನೇ ಕತ್ತರಿಸ್ತೀನಿ" ಎಂದಳು. "ಅದೂ ಕೆಟ್ರೆ ಗುಂಡಿ ಡಬ್ಬ ಕೊಡಿ. ಕಮಕ್ ಕಿಮಕ್ ಅನ್ನಲ್ಲ."

ಅಂದಳೇನೋ ಸರಿ, ಮನೆಗೆ ಹೋಗುವ ದಾರಿಯುದ್ದಕ್ಕೂ ಬೆರಳು ಮಡಚುತ್ತಾ ಎಡ, ಬಲ ಎಂದು ಎಣಿಸುತ್ತಿದ್ದಳು. ಜೊತೆಗಿದ್ದವಳು ತಂಗಿ, ಅದೇ ಅಂಗಡಿಯಲ್ಲಿ ಮೆಷಿನ್ ತುಳಿಯುವವಳು, ಮಹಾ ತರಲೆ.

"ಅಕ್ಕಾ, ನಿನಗೆ ಕತ್ತರಿಸೋದು ಮರೆತಿಲ್ಲ ಕಣೇ. ನಡುವೆ ಯಾರಾದ್ರೂ ಕೂಗಿದ್ರೆ ಎಲ್ಲಿದ್ದೆ ಅನ್ನೋದು ಮರೆತೋಗುತ್ತೆ, ಅಷ್ಟೇ. ನೆನಪಿಟ್ಕೊಳ್ಳೋ ಕೆಲಸ ನಿನ್ನ ತಲೆಗ್ಯಾಕೆ? ಮೇಜಿಗೆ ವಹಿಸೋಣ."

ಮರುದಿನ ತಂಗಿ ಸೀಮೆಸುಣ್ಣ ಹಿಡಿದು ಬಟ್ಟೆಯ ಪ್ರತಿ ಪದರದ ಸೀದಾ ಮೈ ಮೇಲೆ ಒಂದೊಂದು ಮುಖ ಬರೆದಳು. ಎರಡು ಕಣ್ಣು, ಒಂದು ಮೂಗು, ಮುಂದಕ್ಕೆ ಚಾಚಿದ ತುಟಿ.

"ಇವೆರಡು ಮುತ್ತು ಕೊಟ್ಕೋಬೇಕು. ಮುತ್ತಿಲ್ಲದೆ ಕತ್ತರಿ ಇಲ್ಲ!"

ಮೆಷಿನ್ನುಗಳೆಲ್ಲ ನಿಂತುಹೋದವು. ಯಜಮಾನನ ಕಿವಿ ಕೆಂಪಾಯಿತು. "ಥೂ, ಮಾನ ಮರ್ಯಾದೆ ಇರೋ ಅಂಗಡಿ ಇದು" ಎಂದು ಗೊಣಗಿದ. ಮಾಸ್ಟರಮ್ಮ ಒಂದು ಮುಖದ ಮೇಲೆ ಇನ್ನೊಂದು ಮುಖವನ್ನು ಮಲಗಿಸಿ, ಅಂಚು ಎತ್ತಿ ಇಣುಕಿ, ಮುತ್ತು ಸರಿಯಾಗಿ ಬಿದ್ದಿದೆ ಎಂದು ಖಾತ್ರಿಯಾದ ಮೇಲೆ ಕತ್ತರಿ ಆಡಿಸಿದಳು. ಒಂದು ಎಡ, ಒಂದು ಬಲ. ಅವಳಿಗೆ ಕುಣಿಯಬೇಕೆನಿಸಿತು.

ಮೇಜಿನಂಚಿಗೆ ಒಂದು ಕೆಂಪು ಬಟ್ಟೆಪಟ್ಟಿಯೂ ಬಂತು. ಅದು ತೂಗಾಡುತ್ತಿದ್ದರೆ ಯಾರೂ ಅವಳನ್ನು ಮಾತಾಡಿಸುವಂತಿಲ್ಲ. ಮೊದಲು ಸಿಕ್ಕಿಬಿದ್ದವನು ಯಜಮಾನನೇ. ಏನೋ ಕೇಳಲು ಬಂದವನು ಪಟ್ಟಿ ಕಂಡು ಬಾಯಿಗೆ ಬೀಗ ಹಾಕಿಕೊಂಡು, ಕೈಸನ್ನೆಯಲ್ಲಿ ಕಾಲರು, ಜೇಬು, ನಾಳೆ ಎಂದೆಲ್ಲ ಅಭಿನಯಿಸಿ ಬೆವತು ಹೋದ. ಮಾಸ್ಟರಮ್ಮ ತಲೆ ಎತ್ತಲಿಲ್ಲ. ಇಸ್ತ್ರಿಯವನಿಗೆ ಈ ಏರ್ಪಾಡು ಎಷ್ಟು ಹಿಡಿಸಿತೆಂದರೆ, ಯಜಮಾನ ಹತ್ತಿರ ಬಂದಾಗಲೆಲ್ಲ ಒಂದು ಕೆಂಪು ಚಿಂದಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳತೊಡಗಿದ.

ಕತ್ತರಿ ಕೆಲಸ ಬೆಳಿಗ್ಗೆಗೆ ಮಾತ್ರ ಎಂದಾಯಿತು. ಊಟವಾದ ಮೇಲೆ "ಮಬ್ಬು ಬಂತು ಕಣ್ರೋ" ಎಂದು ಅವಳು ಬಟ್ಟೆಯ ಗಂಟುಗಳ ಮೇಲೆ ಒರಗಿದರೆ, ಏಕೆ ಎತ್ತ ಎಂದು ಯಾರೂ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಎರಡನೇ ಮೇಜಿನಲ್ಲಿ ಕತ್ತರಿಸುವವನೂ ಮುಖ ಬರೆಯಲು ಶುರುಮಾಡಿದ್ದ. ಅವನ ಮುಖಗಳಿಗೆ ಮೀಸೆ ಬೇರೆ. ಜ್ವರ ಬಾರದಿದ್ದರೂ ಅವನ ಮೇಜಿನಲ್ಲಿ ತಪ್ಪುಗಳಿಗೇನೂ ಬರವಿರಲಿಲ್ಲ, ಈಗ ಅವೂ ಇಳಿದವು.

ಕೋಟು ಹಾಕಿ ನೋಡುವ ದಿನ ಬ್ಯಾಂಡಿನ ತುತ್ತೂರಿ ಮೇಷ್ಟ್ರು ಬಂದರು. ಮೇಷ್ಟ್ರು ಕೋಟು ತೊಟ್ಟು ಅತ್ತ ತಿರುಗಿದರು, ಇತ್ತ ತಿರುಗಿದರು. ತೋಳು ಎಲ್ಲೂ ಹಿಡಿಯಲಿಲ್ಲ, ಎಲ್ಲೂ ಸುಕ್ಕಿಲ್ಲ. ಖುಷಿಯಾಗಿ ತುತ್ತೂರಿ ಎತ್ತಿ ಊದಲು ಹೊರಟರು. ಕೈ ಮೇಲೆ ಹೋದದ್ದೇ ತಡ, ಎರಡು ಕಂಕುಳಲ್ಲೂ ಸೀಮೆಸುಣ್ಣದ ಮುಖಗಳು ತುಟಿ ಚಾಚಿಕೊಂಡು ಊರಿಗೇ ಮುತ್ತು ಕೊಡಲು ಸಿದ್ಧವಾಗಿದ್ದವು!

ಒರೆಸುವುದನ್ನು ಎಲ್ಲರೂ ಮರೆತಿದ್ದರು. ಯಜಮಾನ ಬ್ರಶ್ ಹಿಡಿದು ಓಡಿಬಂದು ಕಂಕುಳಿಗೇ ಕೈ ಹಾಕಿದ. ಮೇಷ್ಟ್ರಿಗೆ ಕಚಗುಳಿ. "ಅಯ್ಯೋ, ಬೇಡ್ರೀ, ಬೇಡ!" ಎಂದು ಕುಣಿದಾಡಿದರು. ಆ ಕುಣಿತದಲ್ಲೇ ತುತ್ತೂರಿ ಕೋಣದಂತೆ ಅರಚಿತು. ಇಡೀ ಅಂಗಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಷ್ಟ್ರು ಕಣ್ಣೊರೆಸಿಕೊಂಡು, ಇಷ್ಟು ಹಗುರವಾಗಿ ಕೈ ಎತ್ತಲು ಬಿಟ್ಟ ಕೋಟನ್ನು ತಾವು ಈವರೆಗೆ ತೊಟ್ಟಿಲ್ಲವೆಂದು ಹೇಳಿ ಹೋದರು.

ಯಜಮಾನ ಮಾಸ್ಟರಮ್ಮನ ಕಡೆ ತಿರುಗಿದ. "ಮುಂದಿನ ಆರ್ಡರ್ ನೀವೇ ನೋಡ್ಕೊಳಿ."

ಅವಳ ನಗು ಅಲ್ಲಿಗೇ ನಿಂತಿತು. ಸುಳ್ಳು ಹೇಳಿ ಮೇಜು ಉಳಿಸಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ. "ಯಜಮಾನ್ರೇ, ನನಗೆ ವಾಸಿಯಾಗಿಲ್ಲ. ಆಗುತ್ತೋ ಇಲ್ವೋ ಅದೂ ಗೊತ್ತಿಲ್ಲ."

"ವಾಸಿಯಾಗಿ ಬನ್ನಿ ಅಂತ ನಾನು ಹೇಳಿದ್ನಾ? ಮಬ್ಬಿದ್ರೂ ಮೇಜು ನಿಮ್ದೇ."

ಮಾಸ್ಟರಮ್ಮನ ಕಣ್ಣು ತುಂಬಿ ಬಂತು. ಸೆರಗಿನಲ್ಲಿ ಮೂಗೊರೆಸಿಕೊಂಡು, "ಏನಂದ್ರಿ? ಮರೆತೇ ಹೋಯ್ತು" ಎಂದಳು.

ಯಜಮಾನ ಪಾಪ, ಇನ್ನೊಮ್ಮೆ ಹೇಳಿದ, ಈ ಸಲ ಬಿಡಿಸಿ ಬಿಡಿಸಿ.

"ಇನ್ನೊಂದ್ಸಲ" ಎಂದಳು.

"ಅವಳಿಗೇನೂ ಮರೆತಿಲ್ಲ ಯಜಮಾನ್ರೇ" ಎಂದು ತಂಗಿ ಮೆಷಿನ್ ಹಿಂದಿನಿಂದ ಕೂಗಿದಳು. "ಕೇಳೋಕೆ ಚೆನ್ನಾಗಿದೆ, ಅದಕ್ಕೆ!"

ಯಜಮಾನ ಸೊಂಟದ ಮೇಲೆ ಕೈಯಿಟ್ಟು, ಬೀದಿಗೆಲ್ಲ ಕೇಳುವಂತೆ, ಮೂರನೇ ಸಲ ಹೇಳಿದ.