ನಾನ್ರೀ, ತಿಪ್ಪೇಸ್ವಾಮಿ

"ನಾನ್ರೀ, ತಿಪ್ಪೇಸ್ವಾಮಿ!"

ಆಂಧ್ರದ ರಾಯದುರ್ಗದಲ್ಲಿರುವ ನನ್ನ ಜೀನ್ಸ್ ಹೊಲಿಯುವ ಶೆಡ್ಡಿಗೆ ಗೇಟಿನಿಂದ ನಲವತ್ತು ಹೆಜ್ಜೆ. ಮೆಕ್ಯಾನಿಕ್ ತಿಪ್ಪೇಸ್ವಾಮಿಯವರು ಗೇಟಿನಲ್ಲೇ ನಿಂತು ಹೀಗೆ ಕೂಗುತ್ತಿದ್ದರು. ಒಳಗೆ ಹದಿನಾಲ್ಕು ಮಷೀನು ಗಡಗಡ ಅನ್ನುವಾಗ ಒಂದು ಕೂಗು ಎಲ್ಲಿ ಕೇಳಬೇಕು? ಮತ್ತೆ ಕೂಗುತ್ತಿದ್ದರು. ನಾನು ಕಿಟಕಿಯಿಂದ ಕೈ ಎತ್ತಿ ತೋರಿಸಿದ ಮೇಲೆಯೇ ಒಳಗೆ ಹೆಜ್ಜೆ ಇಡುವುದು. ಹೊಲಿಯುವ ಹೆಣ್ಣುಮಕ್ಕಳಿಗೆ ಅದೊಂದು ತಮಾಷೆ. ಚಹಾ ಹೊತ್ತಿಗೆ ಒಬ್ಬಳು ಬಾಗಿಲಲ್ಲಿ ನಿಂತು ಗಂಟಲು ದಪ್ಪ ಮಾಡಿಕೊಂಡು "ನಾನ್ರೀ" ಅನ್ನುವಳು, ಉಳಿದವರು ಬಿದ್ದು ಬಿದ್ದು ನಗುವರು. ಮುದುಕನಿಗೆ ಅರಳುಮರಳು ಅಂದುಕೊಂಡಿದ್ದರು. ಅವರಿಗೆ ಯಾವ ಅರಳುಮರಳೂ ಇರಲಿಲ್ಲ. ಆ ಚಾಳಿ ಅವರಿಗೆ ಹತ್ತಿದ್ದು ನನ್ನಿಂದ.

ಊರವರು ಅವರನ್ನು ಟೈಮಿಂಗ್ ತಿಪ್ಪೇಸ್ವಾಮಿ ಅನ್ನುತ್ತಿದ್ದರು. ಹೊಲಿಗೆ ಮಷೀನಿನಲ್ಲಿ ಸೂಜಿ ಇಳಿದು ಮೇಲೇಳುವ ಗಳಿಗೆಗೆ ಸರಿಯಾಗಿ ಕೆಳಗಿನ ಕೊಕ್ಕೆ ಬಂದು ದಾರ ಹಿಡಿಯಬೇಕು. ಒಂದು ಕೂದಲೆಳೆಯಷ್ಟು ಹಿಂದುಮುಂದಾದರೂ ಹೊಲಿಗೆ ತಪ್ಪುತ್ತದೆ, ಇಲ್ಲವೇ ಸೂಜಿ ಮುರಿದು ಹಾರುತ್ತದೆ. ಅದನ್ನು ಸರಿಗೂಡಿಸುವುದಕ್ಕೇ ಟೈಮಿಂಗ್ ಅನ್ನುವುದು. ತಿಪ್ಪೇಸ್ವಾಮಿ ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಕಿವಿಗೊಟ್ಟು, "ಹೊಟ್ಟ್ಯಾಗ ನೋವೈತ್ರಿ ಇದಕ್ಕ" ಅನ್ನುತ್ತಿದ್ದರು. ಹಣೆಯ ವಿಭೂತಿಯ ಮೇಲೆ ಸದಾ ಒಂದು ಎಣ್ಣೆಯ ಬೆರಳಚ್ಚು ಇರುತ್ತಿತ್ತು.

ಅವರ ಹತ್ತಿರ ಒಂದು ಬಿಸ್ಕತ್ತಿನ ತಗಡು ಡಬ್ಬಿ ಇತ್ತು. ತಮ್ಮ ಕೈಯಿಂದ ಕೆಟ್ಟದ್ದೆಲ್ಲ ಅದರಲ್ಲಿ: ಮುರಿದ ಹಲ್ಲುಚಕ್ರ, ಸೀಳಿದ ಸ್ಕ್ರೂ, ಬಗ್ಗಿದ ಕೊಕ್ಕೆ. ಒಂದೊಂದಕ್ಕೂ ಮಷೀನಿನ ಮಾಲೀಕರ ಹೆಸರು ಬರೆದ ಚೀಟಿ. ಹೊಸಬರು ಮಷೀನು ತಂದರೆ ಮೊದಲು ಆ ಡಬ್ಬಿಯನ್ನೇ ಮುಂದಿಡುವುದು. "ಇದನ್ನ ನೋಡ್ರಿ ಮೊದ್ಲು. ಆಮ್ಯಾಲ ಮನಸ್ಸಿದ್ರ ಮಷೀನ್ ಬಿಟ್ಟು ಹೋಗ್ರಿ." ಎಷ್ಟೋ ಜನ ಗಾಬರಿಯಾಗಿ ಮಷೀನು ಹೊತ್ತು ವಾಪಸ್ ಹೋದದ್ದಿದೆ. ಆ ಡಬ್ಬಿಯಲ್ಲಿ ನನ್ನ ಶೆಡ್ಡಿನ ಒಂದು ಸೂಜಿಯ ತುದಿಯೂ ಇತ್ತು. ಸುಸ್ತಾದ ಒಂದು ಸಂಜೆ ಅವರು ಅವಸರದಲ್ಲಿ ಕೂಡಿಸಿದ ಮಷೀನಿನಲ್ಲಿ ಆ ಸೂಜಿ ಮುರಿದು ಹಾರಿ, ಲಕ್ಷ್ಮಕ್ಕ ಅನ್ನುವ ಹೆಣ್ಣುಮಗಳ ಹುಬ್ಬಿಗೆ ಚುಚ್ಚಿತ್ತು. ಕಣ್ಣು ಉಳಿದದ್ದು ಅವಳ ಪುಣ್ಯ. ಅಂದಿನಿಂದ ಹೊತ್ತು ಇಳಿದ ಮೇಲೆ ಅವರು ಸ್ಕ್ರೂಡ್ರೈವರ್ ಮುಟ್ಟಿದ್ದನ್ನು ನಾನು ನೋಡಲಿಲ್ಲ.

ಇಂಥವರನ್ನು ನಾನು ರಿವಾಲ್ವಾರ್ ಕೊಳ್ಳಲು ಕರೆದುಕೊಂಡು ಹೋದೆ.

ರಿವಾಲ್ವಾರ್ ಯಾಕೆ ಬೇಕಾಯಿತು ಅನ್ನುವುದನ್ನು ಹೇಳಿಬಿಡುತ್ತೇನೆ. ಗುಮ್ಮಘಟ್ಟದ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದಾಗ ಇಬ್ಬರು ಅಡ್ಡಗಟ್ಟಿ ಹಿಂದಿನಿಂದ ಕಬ್ಬಿಣದ ಸಲಾಕೆಯಲ್ಲಿ ಹೊಡೆದರು. ಫೋನು ಹೋಯಿತು, ಎರಡು ಹಲ್ಲು ಹೋದವು. ಹಲ್ಲು ಕಟ್ಟಿಸಿಕೊಂಡೆ. ಕಟ್ಟಿಸಿಕೊಳ್ಳಲಾಗದ್ದು ಇನ್ನೊಂದಿತ್ತು. ಬೆನ್ನ ಹಿಂದೆ ಯಾರ ಹೆಜ್ಜೆ ಕೇಳಿದರೂ ಮೈ ಬೆವರುವುದು, ಹೆಂಡತಿ ಬಂದು ಭುಜ ಮುಟ್ಟಿದರೂ ಕಿರುಚುವುದು. ಎರಡು ವರ್ಷ ಹೀಗೇ ಆಯಿತು. ನನಗೆ ಬೇಕಿದ್ದದ್ದು ಅಂಜಿಕೆಯಿಲ್ಲದ ಒಂದೇ ಒಂದು ದಿನ. ಅದು ರಿವಾಲ್ವಾರಿನಿಂದ ಸಿಗುತ್ತದೆ ಅಂತ ತಲೆಗೆ ಹೊಕ್ಕುಬಿಟ್ಟಿತ್ತು.

ನನ್ನ ಹುಟ್ಟೂರು ಮಡಕಶಿರಾದಲ್ಲಿ ನಮ್ಮಪ್ಪನ ಹೆಸರಿನಲ್ಲಿ ಲೈಸೆನ್ಸ್ ಇತ್ತು. ಅವನ ಹಳೆಯ ರಿವಾಲ್ವಾರು ತುಕ್ಕು ಹಿಡಿದು ಠಾಣೆಯ ಪಾಲಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಲು ಹೊರಟೆ. ಅಷ್ಟರಲ್ಲಿ ಜಿಲ್ಲೆ ಎರಡಾಯಿತು. ಅಪ್ಪನ ಕಾಗದ ಒಂದು ಜಿಲ್ಲೆಯಲ್ಲಿ, ರಾಯದುರ್ಗದ ಅಳಿಯನಾಗಿ ಬಂದು ನೆಲೆಸಿದ ನಾನು ಇನ್ನೊಂದು ಜಿಲ್ಲೆಯಲ್ಲಿ. ಆ ಆಫೀಸಿಗೆ ಹೋದರೆ ಈ ಆಫೀಸು, ಈ ಆಫೀಸಿಗೆ ಬಂದರೆ ಆ ಆಫೀಸು. ಅಯ್ಯೋ, ಚಪ್ಪಲಿ ಸವೆದದ್ದಲ್ಲ, ಕಾಲೇ ಸವೆದವು. ಕೊನೆಗೆ ಲೈಸೆನ್ಸ್ ಕೈಗೆ ಬಂತು. ಇಷ್ಟು ದಿನದೊಳಗೆ ಖರೀದಿ ಮಾಡಬೇಕು, ಇಲ್ಲವಾದರೆ ಮತ್ತೆ ಅರ್ಜಿ ಹಾಕಬೇಕು ಅಂತ ಅದರ ಮೇಲೇ ಬರೆದಿತ್ತು.

"ಮನ್ಯಾಗ ಅದನ್ನ ಎಲ್ಲಿಡ್ತೀರಿ? ದೇವರ ಜಗಲಿ ಮ್ಯಾಲನ?" ಅಂದಳು ಹೆಂಡತಿ ಪಾರ್ವತಿ.

ಅನಂತಪುರದ ಆಯುಧದ ಅಂಗಡಿಗೆ ತಿಪ್ಪೇಸ್ವಾಮಿ ತಮ್ಮ ಉಪಕರಣದ ಚೀಲ ಹಿಡಿದೇ ಬಂದರು. ಜನ್ಮದಲ್ಲಿ ರಿವಾಲ್ವಾರ್ ಮುಟ್ಟಿದವರಲ್ಲ. ಅಂಗಡಿಯವನು ಒಂದು ಹೊಸ ಪೀಸನ್ನು ಖಾಲಿ ಇದೆಯೆಂದು ತೆರೆದು ತೋರಿಸಿ ಮುಂದಿಟ್ಟ. ತಿಪ್ಪೇಸ್ವಾಮಿ ಅದನ್ನು ಮುಟ್ಟಲೇ ಇಲ್ಲ.

"ಇದೇ ಕಂಪ್ನಿದು, ಇದೇ ನಮೂನಿದು, ಇನ್ನೂ ಎರಡು ತೋರಸ್ರಿ."

"ಕೊನೇದಿ ಒಕಟೇ ಕದಾ ಸಾರ್, ಮೂಡು ಎಂದುಕು?" ಅಂದ ಅವನು ತೆಲುಗಿನಲ್ಲಿ. ಕೊಳ್ಳುವುದು ಒಂದಾದರೆ ಮೂರು ಯಾಕೆ ಅಂತ. ಅದು ನನ್ನ ಪ್ರಶ್ನೆಯೂ ಆಗಿತ್ತು.

"ಒಂದನ್ನ ನೋಡಿದ್ರ ಆ ಒಂದರ ಹಣೇಬರ ಗೊತ್ತಾಕ್ಕೈತಿ. ಮೂರು ನೋಡಿದ್ರ ಮಾಡಿದವನ ಬುದ್ಧಿ ಗೊತ್ತಾಕ್ಕೈತಿ" ಅಂದರು.

ಮೂರೂ ಬಂದವು. ಗುಂಡು ಕೂರುವ ಆರು ಮನೆಯ ಉರುಳೆಯನ್ನು ನಿಧಾನವಾಗಿ ಒಂದೊಂದೇ ಮನೆ ತಿರುಗಿಸಿ, ಕಣ್ಣು ಮುಚ್ಚಿ ಕಿವಿಗೊಟ್ಟರು. ಪ್ರತಿ ಮನೆಯೂ ನಳಿಗೆಯ ಎದುರಿಗೆ ಬಂದು ಕಟ್ ಅಂತ ನಿಲ್ಲಬೇಕು. ನಿಂತ ಮೇಲೆ ಅಲುಗಬಾರದು. ಉರುಳೆಗೂ ನಳಿಗೆಗೂ ನಡುವಿನ ಸಂದಿಗೆ ತೆಳ್ಳಗಿನ ಉಕ್ಕಿನ ಪಟ್ಟಿ ತೂರಿಸಿ ಅಳತೆ ನೋಡಿದರು. ಆಮೇಲೆ ಅಂಗಡಿಯವನನ್ನು ಪುಸಲಾಯಿಸಿ ಹಿಡಿಯ ಕಟ್ಟಿಗೆ ಬಿಚ್ಚಿಸಿ, ಒಳಗೆ ಬೆರಳಾಡಿಸಿದರು. "ಕಾಣೋ ಕಡೆ ಎಲ್ಲಾರೂ ಪಾಲಿಶ್ ಹೊಡೀತಾರ. ಕಾಣದ ಕಡೆ ಅರ ಆಡಿಸಿ ನುಣ್ಣಗ ಮಾಡ್ಯಾನೋ ಇಲ್ಲೋ ನೋಡ್ಬೇಕು."

ಮೊದಲನೆಯದರಲ್ಲಿ ಐದು ಮನೆ ಸರಿ, ಆರನೆಯದು ಪೂರ್ತಿ ನಿಲ್ಲುತ್ತಿರಲಿಲ್ಲ. ಎರಡನೆಯದರ ಸಂದಿ ಒಂದೊಂದು ಮನೆಗೆ ಒಂದೊಂದು ಅಳತೆ. ಮೂರನೆಯದು ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು.

"ಸರಿ ಕಣಣ್ಣ, ಇದನ್ನೇ ತಗಳ್ಳನ" ಅಂದೆ ನಾನು.

"ಬ್ಯಾಡ್ರಿ ಅಳಿಯಾರ." ಊರಿನ ಅಳಿಯನೆಂದು ಅವರು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. "ಮೂರ್ರಾಗ ಎರಡು ತಪ್ಪಿದ್ರ, ಮೂರನೇದು ಸರಿ ಇರೋದು ಕಂಪ್ನಿ ಗುಣ ಅಲ್ರಿ. ಅದು ಲಾಟರಿ. ಇವತ್ತು ಸರಿ ಐತಿ, ಒಳಗಿನ ಸ್ಪ್ರಿಂಗ್ ನಾಳೆ ಏನಂತೈತೋ ಯಾರಿಗ್ಗೊತ್ತು? ಅಲ್ಲಿ ಒಬ್ಬಾವ ಕುಂತು, ಇದು ನಡೆಯಂಗಿಲ್ಲ ಅಂತ ತೆಗೆದು ಒಗೀಬೇಕಿತ್ತು. ಅಂಥಾವ ಅಲ್ಲಿ ಇಲ್ಲ."

ನನಗೆ ರೇಗಿತು. "ಲೈಸೆನ್ಸ್ ದಿನ ಮುಗೀತಾ ಬಂತು. ನಂಗೂ ಸಾಕಾಗೈತೆ. ಹೊಲಿಗೆ ಮಷೀನ್ ಅಲ್ಲ ಕಣಣ್ಣ ಇದು!"

"ಅದಕ್ಕ ಹೇಳಾಕತ್ತೀನಿ" ಅಂದರು ಅವರು ಮೆಲ್ಲಗೆ. ಆಮೇಲೆ ಅಂಗಡಿಯವನ ಕಡೆ ತಿರುಗಿ, ಅವನು ಆವರೆಗೆ ಯಾರಿಂದಲೂ ಕೇಳಿರದ ಮಾತು ಕೇಳಿದರು. "ಬ್ಯಾರೆ ಕಂಪ್ನಿದು ಯಾವ್ದರ ವಾಪಸ್ ಬಂದದ್ದು ಐತೇನ್ರಿ? ಕೆಟ್ಟದ್ದು? ಅದನ್ನ ತೋರಸ್ರಿ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಛಾವಣಿಯ ಫ್ಯಾನು ನೋಡಿದೆ. ಕೊನೆಗೆ ಗೊಣಗುತ್ತಾ ಒಳಗಿನಿಂದ ಒಂದು ಡಬ್ಬಿ ತಂದ. ಯಾರೋ ಗಿರಾಕಿ ಟ್ರಿಗರ್ ಬಿಗಿಯಾಯಿತೆಂದು ಹಿಂದಿರುಗಿಸಿದ್ದ ಪೀಸು. ಕಂಪನಿಯವರು ಸರಿಮಾಡಿ ಜೊತೆಗೊಂದು ಪತ್ರ ಇಟ್ಟಿದ್ದರು. ಓದಿ ಹೇಳಿದೆ: ಸ್ಪ್ರಿಂಗನ್ನು ಹದ ಮಾಡುವಾಗ ತಪ್ಪಾಗಿದೆ, ಅದೇ ದಿನ ತಯಾರಾದ ಉಳಿದ ಪೀಸುಗಳನ್ನೂ ವಾಪಸ್ ತರಿಸಿ ನೋಡುತ್ತಿದ್ದೇವೆ ಅಂತಿತ್ತು. ಕೆಳಗೆ ಪರೀಕ್ಷೆ ಮಾಡಿದವನ ಸಹಿ, ಹೆಸರು.

ತಿಪ್ಪೇಸ್ವಾಮಿ ಆ ಸಹಿಯ ಮೇಲೆ ಬೆರಳಿಟ್ಟರು. "ತಪ್ಪಾತು ಅಂದಾನ, ಹೆಸರು ಹಾಕ್ಯಾನ. ಇವರದ್ದು ತರಸ್ರಿ. ಮೂರು."

ಲೈಸೆನ್ಸಿನ ದಿನ ಮುಗಿಯಲು ಒಂದು ವಾರ ಇದ್ದಾಗ ಆ ಮೂರು ಬಂದವು. ಮತ್ತೆ ಅದೇ ಕಿವಿ, ಅದೇ ಉಕ್ಕಿನ ಪಟ್ಟಿ. ಮೂರೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. "ಹಾಂ, ಇದು ನೋಡ್ರಿ ಕೆಲಸ" ಅಂದಾಗ ಅವರ ಮುಖ ಅರಳಿತು. ಒಂದನ್ನು ಆರಿಸಿ ನನ್ನ ಕೈಗಿಟ್ಟರು. ಖಾಲಿ ರಿವಾಲ್ವಾರನ್ನು ಗೋಡೆಯ ಕಡೆ ಹಿಡಿದೆ. ಅದೇ ಹೊತ್ತಿಗೆ ಬೆನ್ನ ಹಿಂದೆ ಯಾರೋ ಅಂಗಡಿಗೆ ಬಂದ ಸದ್ದಾಯಿತು. ನನ್ನ ಕೈ ನಡುಗತೊಡಗಿತು. ತಿಪ್ಪೇಸ್ವಾಮಿ ನನ್ನ ಕೈ ನೋಡಿದರು, ನನ್ನ ಮುಖ ನೋಡಿದರು. ಬಾಯಿ ತೆರೆದರು. ಆಮೇಲೆ ಅಂಗಡಿಯವನ ಕಡೆ ತಿರುಗಿ ಒಂದು ಲೋಟ ನೀರು ಕೇಳಿದರು.

ರಿವಾಲ್ವಾರ್ ಬಂತು, ಅಂಜಿಕೆ ಹೋಗಲಿಲ್ಲ. ಹಿಂದಿನ ಹೆಜ್ಜೆಯ ಜೊತೆಗೆ ಈಗ ಸೊಂಟದ ಭಾರವೂ ಸೇರಿತು, ಅಷ್ಟೇ.

ತಿಂಗಳಾಗಿರಬಹುದು. ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಹೆಣ್ಣುಮಕ್ಕಳೆಲ್ಲ ಊಟಕ್ಕೆಂದು ಹೊರಗೆ ಬೇವಿನ ಮರದಡಿ ಕೂತಿದ್ದರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಗ್ಗಿ ಗುರುತು ಹಾಕುತ್ತಿದ್ದೆ. ಬೆನ್ನ ಹಿಂದೆ, ತೀರಾ ಹತ್ತಿರದಲ್ಲಿ, ಹೆಜ್ಜೆ. ತಿರುಗಿದಾಗ ರಿವಾಲ್ವಾರ್ ನನ್ನ ಕೈಯಲ್ಲಿತ್ತು. ಯಾವಾಗ ತೆಗೆದೆನೋ ನನಗೇ ಗೊತ್ತಿಲ್ಲ. ಎದುರಿಗೆ ಎಣ್ಣೆಯ ಡಬ್ಬಿ ಹಿಡಿದ ತಿಪ್ಪೇಸ್ವಾಮಿ. ನನ್ನ ಬೆರಳು ಟ್ರಿಗರಿನ ಮೇಲೆ. ಅವರ ಮುಖ ಕಾಣುತ್ತಿತ್ತು, ಯಾರೆಂದು ಹೊಳೆಯುತ್ತಿರಲಿಲ್ಲ.

"ಅಳಿಯಾರ, ನಾನ್ರೀ" ಅಂದರು. ಕದಲಲಿಲ್ಲ. "ನಾನ್ರೀ, ತಿಪ್ಪೇಸ್ವಾಮಿ. ತಿಪ್ಪೇಸ್ವಾಮಿ."

ಎರಡನೆಯ ಸಲ ಹೇಳಿದಾಗ ಹೆಸರು ನನ್ನೊಳಗೆ ಇಳಿಯಿತು. ರಿವಾಲ್ವಾರನ್ನು ಮೇಜಿನ ಮೇಲಿಟ್ಟು ನೆಲಕ್ಕೆ ಕುಸಿದೆ. ಅವರ ಪಂಚೆಯ ಮೇಲೆಲ್ಲ ಎಣ್ಣೆ ಚೆಲ್ಲಿತ್ತು. ಮೆಲ್ಲಗೆ ಬಂದು, ಉರುಳೆ ತೆರೆದು, ಆರೂ ಗುಂಡು ತೆಗೆದು ಜೀನ್ಸ್ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಆಮೇಲೆ ನನ್ನ ಪಕ್ಕ ನೆಲದಲ್ಲೇ ಕೂತರು.

"ತಪ್ಪಾಯ್ತಣ್ಣ" ಅಂದು ಅತ್ತುಬಿಟ್ಟೆ.

"ನಿಮ್ದಲ್ರಿ. ಪೀಸ್ ನೋಡಿ ಪಾಸ್ ಮಾಡ್ದೆ, ಅದು ಸರಿನೇ ಐತಿ. ಅಂಗಡ್ಯಾಗ ನಿಮ್ ಕೈ ನಡುಗಿದ್ದೂ ನೋಡಿದ್ದೆ. ನಾಕು ಮಂದಿ ಮುಂದ ಹೆಂಗ ಹೇಳ್ಲಿ ಅಂತ ಸುಮ್ನಾದೆ. ತೆಗೆದು ಒಗೆಯೋ ಮನಿಷ ಅಲ್ಲಿ ನಾನೇ ಇದ್ದೆ ನೋಡ್ರಿ. ಒಗೀಲಿಲ್ಲ." ಆಮೇಲೆ ಕೈ ಚಾಚಿ, "ಒಂದು ಚೂರು ಬಟ್ಟಿ ಕೊಡ್ರಿ" ಅಂದರು. ಬೆರಳಗಲದ ಜೀನ್ಸ್ ತುಂಡಿನ ಮೇಲೆ ಸೀಮೆಸುಣ್ಣದಲ್ಲಿ ನನ್ನ ಹೆಸರು ಬರೆದು, ಮಡಿಚಿ ಕಿಸೆಗೆ ಹಾಕಿಕೊಂಡರು. ಅದು ಯಾವ ಡಬ್ಬಿಗೆ ಹೋಯಿತೆಂದು ನಾನು ಕೇಳಬೇಕಿರಲಿಲ್ಲ.

ಮರುದಿನವೇ ರಿವಾಲ್ವಾರನ್ನು ಅನಂತಪುರಕ್ಕೆ ಒಯ್ದು ಅದೇ ಅಂಗಡಿಯಲ್ಲಿ ಠೇವಣಿ ಇಟ್ಟೆ. ಈಗಲೂ ಅಲ್ಲೇ ಇದೆ. ಅದರ ಮರುದಿನದಿಂದ ಗೇಟಿನ ಕೂಗು ಶುರುವಾಯಿತು. ಅವರು ಯಾಕೆ ಕೂಗುತ್ತಾರೆಂದು ಯಾರಿಗೂ ಹೇಳಲಿಲ್ಲ. ಹುಡುಗಿಯರು ಎದುರಿಗೇ ಅಣಕಿಸಿದರೂ ಹಲ್ಲು ಕಿರಿದು ಸುಮ್ಮನಿರುತ್ತಿದ್ದರು. ನನಗೆ ಮಾತ್ರ ಪ್ರತಿ ಕೂಗಿಗೂ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತಿತ್ತು.

"ಅದು ಮನೇಲಿಲ್ಲ ಕಣಣ್ಣ, ಇನ್ನ್ಯಾಕೆ ಕೂಗ್ತೀಯ?" ಅಂತ ಒಮ್ಮೆ ಬೇಡಿಕೊಂಡೆ.

"ನಿಮ್ಮನ್ನ ಕಂಡು ಅಂಜಿ ಕೂಗ್ತೀನಿ ಅಂದ್ಕಂಡ್ರೇನ್ರಿ? ನೀವು ಅಂಜಬಾರ್ದು ಅಂತ್ರಿ" ಅಂದರು.

ನಿಜ ಹೇಳಬೇಕೆಂದರೆ, ಇಡೀ ದಿನದಲ್ಲಿ ನನಗೆ ಮೈ ಬೆವರದ ಹೆಜ್ಜೆ ಅವರದೊಂದೇ ಆಗಿತ್ತು. ಎರಡು ವರ್ಷ ಹಾಗೇ ಕೂಗಿದರು. ಬರಬರುತ್ತಾ ಬೇರೆಯವರ ಹೆಜ್ಜೆಗೂ ನನ್ನ ಮೈ ಸ್ವಲ್ಪ ಸ್ವಲ್ಪ ಒಗ್ಗಿಕೊಂಡಿತು. ಪಾರ್ವತಿ ಭುಜ ಮುಟ್ಟಿದರೆ ಈಗ ಬೆಚ್ಚುತ್ತೇನೆ, ಕಿರುಚುವುದಿಲ್ಲ.

ಕಳೆದ ವರ್ಷ ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತು. ಶೆಡ್ಡಿಗೆ ಬರುವುದು ನಿಂತಿತು. ಈಗ ಬರುವ ಮೆಕ್ಯಾನಿಕ್ಕು ಮೊಬೈಲು ಕಿವಿಗಿಟ್ಟುಕೊಂಡೇ ಸೀದಾ ಒಳಗೆ ನುಗ್ಗುತ್ತಾನೆ. ಅವನ ಹತ್ತಿರ ಯಾವ ಡಬ್ಬಿಯೂ ಇಲ್ಲ. ತಿಪ್ಪೇಸ್ವಾಮಿ ತೀರಿಕೊಂಡದ್ದು ಶಿವರಾತ್ರಿಗೆ ಮುಂಚೆ. ಅದಕ್ಕೆ ಎಂಟು ದಿನ ಮೊದಲು ಬೆಟ್ಟದ ಕೆಳಗಿನ ಓಣಿಯಲ್ಲಿದ್ದ ಅವರ ಮನೆಗೆ ಹೋಗಿದ್ದೆ.

ಬೆಳಗಿನ ಬಿಸಿಲಿಗೆ ಪಡಸಾಲೆಯಲ್ಲಿ ಮಂಚ ಹಾಕಿದ್ದರು. ಬಾಗಿಲ ಕಡೆ ಬೆನ್ನು ಮಾಡಿ ಮಲಗಿದ್ದರು. ಅರ್ಧ ಒಳಗೆ ಹೋದವನು ತಡೆದು ನಿಂತೆ. ಕಣ್ಣು ಕಾಣದವರ ಬೆನ್ನ ಹಿಂದೆ ನನ್ನ ಹೆಜ್ಜೆ. ಮತ್ತೆ ಹೊಸ್ತಿಲಿಗೆ ಬಂದು ನಿಂತು, ಗಂಟಲು ಸರಿಮಾಡಿಕೊಂಡು, ಅವರ ಧಾಟಿಯಲ್ಲೇ ಕೂಗಿದೆ.

"ನಾನ್ರೀ, ರುದ್ರಣ್ಣ."

ಆ ಹೆಗಲುಗಳು ಅಲುಗಿದವು. ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹೊದಿಕೆಯಿಂದ ಎರಡೂ ಕೈ ಹೊರಗೆ ತೆಗೆದು, ಅಂಗೈ ಬಿಚ್ಚಿ ಮೇಲೆತ್ತಿ ತೋರಿಸಿದರು.

"ಬರ್ರಿ ಅಳಿಯಾರ, ಬರ್ರಿ. ನನ್ ಕೈಯಾಗ ಏನೂ ಇಲ್ಲ."